ಮೇಜು ಅಲ್ಲಾಡಿಸಿದ್ದು ಯಾರು?

ಕಾರವಾರದ ಮೊಬೈಲ್ ಅಂಗಡಿಯಲ್ಲಿ ನನ್ನ ಕೆಲಸ ಫೋನುಗಳ ಮೇಲೆ ಗಾಜು ಅಂಟಿಸುವುದು. ಗುಳ್ಳೆ ಬಾರದಂತೆ ಅಂಟಿಸಿದ್ದು ಇದುವರೆಗೆ ಎರಡೋ ಮೂರೋ. ಆದರೂ ಅಂಕೋಲೆಯ ನೆಂಟರ ಪಾಲಿಗೆ ನಾನು ಕಂಪ್ಯೂಟರ್ ತಜ್ಞ. ಈ ಸುದ್ದಿ ಹಬ್ಬಿಸಿದವರು ಯಾರೆಂದು ಕೇಳಬೇಡಿ. ನಾನೇ.

ಹಾಗಾಗಿ ಒಂದು ಭಾನುವಾರ ಅಂಕೋಲೆ ಪಕ್ಕದ ಕೇಣಿಯಿಂದ ಅತ್ತೆಯ, ಅಂದರೆ ಸೋದರಮಾವನ ಹೆಂಡತಿಯ, ಫೋನು ಬಂತು.

"ತಮಾ, ಅಟ್ಟದ ಮೇಲಿನ ಆ ಕಪ್ಪು ಡಬ್ಬಿ ಶುರು ಮಾಡಿ ಕೊಡ್ತ್ಯಾ? ನಿನ್ನ ಮಾವ ನನ್ನ ಕಳ್ಳಿ ಅನ್ನೂದು ಇನ್ನು ಸಾಕು."

ಕಪ್ಪು ಡಬ್ಬಿ ಎಂದರೆ ಹಡಗಿನ ಕೆಲಸದಲ್ಲಿದ್ದಾಗ ಮಾವ ಹೊರದೇಶದಿಂದ ತಂದ ಪುಟ್ಟ ಕಂಪ್ಯೂಟರ್. ಅದಕ್ಕೆ ಸ್ವಂತ ಪರದೆಯಿಲ್ಲ, ಬ್ಲ್ಯಾಕ್ ಅಂಡ್ ವೈಟ್ ಟಿವಿಗೆ ಜೋಡಿಸಬೇಕು. ಆಟವಿರುವುದು ಕ್ಯಾಸೆಟ್ಟಿನಲ್ಲಿ, ಅದನ್ನು ಟೇಪ್ ರೆಕಾರ್ಡರಿನಿಂದ ಯಂತ್ರಕ್ಕೆ ಕೇಳಿಸಬೇಕು. ಇದ್ದದ್ದು ಒಂದೇ ಆಟ. ಮೇಲಿನಿಂದ ಇಳಿಯುವ ಕಪ್ಪು ಚೌಕಗಳೇ ಬಂಡೆ, ಕೆಳಗಿನ ಒಂದು ಇಂಗ್ಲಿಷ್ ಅಕ್ಷರವೇ ದೋಣಿ. ಬಂಡೆಗೆ ತಾಗದಂತೆ ದೋಣಿ ನಡೆಸಬೇಕು.

ಮದುವೆಯಾದ ಹೊಸತರಲ್ಲಿ ಈ ಆಟದಲ್ಲಿ ಅತ್ತೆಯನ್ನು ಮೀರಿಸಿದವರಿರಲಿಲ್ಲ. ಒಮ್ಮೆ ಮಾವ ಅತ್ತೆಯ ಆರುನೂರ ನಲವತ್ತು ಅಂಕಗಳನ್ನು ಇನ್ನೇನು ದಾಟಬೇಕು, ಯಂತ್ರ ಸತ್ತಿತು. ಅದರ ಬೆನ್ನಿಗೆ ಸಿಕ್ಕಿಸುವ ಮೆಮೊರಿ ಪೆಟ್ಟಿಗೆ ಬಲು ಸಡಿಲ, ಕೊಂಚ ಅಲ್ಲಾಡಿದರೂ ಎಲ್ಲ ಅಳಿಸಿಹೋಗುತ್ತಿತ್ತು. ಸೋಲಿಗೆ ಹೆದರಿ ಹೆಂಡತಿಯೇ ಮೇಜು ಅಲ್ಲಾಡಿಸಿದಳು ಎಂದು ಮಾವ, ಮುಟ್ಟಿಲ್ಲ ಎಂದು ಅತ್ತೆ. ಯಂತ್ರ ಅಟ್ಟ ಸೇರಿತು, ಮಾತು ಮಾತ್ರ ಕೆಳಗೇ ಉಳಿಯಿತು. ಮದುವೆ, ನಾಮಕರಣ, ಎಲ್ಲಿ ನಾಲ್ಕು ಜನ ಸೇರಿದರೂ ಮಾವ ಇದನ್ನೇ ಹೇಳುತ್ತಾರೆ. ಕಳೆದ ವಾರ ಹೊಸ ಸೊಸೆಯ ಎದುರೂ ಹೇಳಿಬಿಟ್ಟರು. ಅತ್ತೆಗೆ ತಡೆಯಲಾಗಲಿಲ್ಲ.

ಕೇಣಿಗೆ ಹೋದವನೇ ಮೊದಲು ಆ ಸಡಿಲ ಪೆಟ್ಟಿಗೆಗೆ ಕೈ ಹಾಕಿದೆ. ಹಲಸಿನಹಣ್ಣು ಕೊಯ್ದಾಗ ಬರುವ ಅಂಟನ್ನು, ಅಂದರೆ ಮಯಣವನ್ನು, ಅತ್ತೆ ಕಡ್ಡಿಗೆ ಸುತ್ತಿ ಇಟ್ಟಿರುತ್ತಾರೆ. ತೂತು ಬಿದ್ದ ಕೊಡಕ್ಕೂ ಅದೇ ಮದ್ದು. ಕಾಯಿಸಿ ಮೆತ್ತಿದೆ. ಪೆಟ್ಟಿಗೆ ಯಂತ್ರಕ್ಕೆ ಅಂಟಿತು, ಯಂತ್ರ ನನಗೆ ಅಂಟಿತು.

"ಕೈ ಎಳೀಬೇಡ ಮಾರಾಯಾ, ಚರ್ಮ ಕಿತ್ತು ಬತ್ತದೆ!" ಎಂದು ಅತ್ತೆ ತೆಂಗಿನೆಣ್ಣೆ ಸುರಿದರು. ಬೆರಳು ಬಿಟ್ಟಿತು. ಬೆರಳಿನ ಮಯಣ ಬಿಡಿಸಿದ ಎಣ್ಣೆ ಪೆಟ್ಟಿಗೆಯದನ್ನೂ ಬಿಡಿಸೀತು ಎಂದು ತಜ್ಞನಿಗೆ ಹೊಳೆಯಲಿಲ್ಲ.

ಮುಂದೆ ಕ್ಯಾಸೆಟ್. ನಾನು ಹಾಕಿದ್ದು ಭಜನೆಯದು. ಯಂತ್ರ ಆರು ನಿಮಿಷ ಭಕ್ತಿಯಿಂದ ಕೇಳಿ ಸುಮ್ಮನಿತ್ತು. ಸರಿಯಾದದ್ದು ಹಾಕಿದಾಗ ಎದ್ದ ಕಿರುಚಾಟಕ್ಕೆ ಮನೆಯ ಬೆಕ್ಕು ಆಚೆಯೂರು ಬೆಳಂಬಾರದವರೆಗೂ ಓಡಿರಬೇಕು. ಟಿವಿಯ ವಯರನ್ನು ಯಾರಾದರೂ ಹಿಡಿದಿದ್ದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ಹೀಗಾಗಿ ತಜ್ಞರು ಮೇಜಿನ ಕೆಳಗೆ ಕೂತರು.

ಮಾವ ಆಡಲು ಕೂತರು. ಅತ್ತೆ ಸೊಸೆಯನ್ನು ಕರೆದುಕೊಂಡು ಅಂಗಳಕ್ಕಿಳಿದು ಎರಡೂ ಕೈ ಮೇಲೆತ್ತಿದರು. "ನಾ ಇಲ್ಲೇ ನಿಂತ್ಕಂತೆ. ಕೈ ಕಾಣ್ತದಲ್ಲ?"

"ಕಾಣ್ತದೆ, ಕಾಣ್ತದೆ."

ನನಗೆ ಕಾಣುತ್ತಿದ್ದುದು ಮಾವನ ಲುಂಗಿ ಮತ್ತು ಎರಡು ಮೊಣಕಾಲು. ದೋಣಿ ಎಡಕ್ಕೆ ಹೋದರೆ ಅವೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ.

"ಆರ್ನೂರು! ಆರ್ನೂರ ಹತ್ತು! ಆರ್ನೂರ ಮೂವತ್ತು!"

ದೊಡ್ಡ ಬಂಡೆಯೇ ಬಂದಿರಬೇಕು. ಎರಡೂ ಮೊಣಕಾಲು ಒಟ್ಟಿಗೆ ಹಾರಿ ಮೇಜಿಗೆ ಧಡ್ ಎಂದು ಬಡಿದವು. ಪೆಟ್ಟಿಗೆ ಕಳಚಿ ಮೇಜಿನ ಹಿಂದಿನಿಂದ ಜಾರಿ ನನ್ನ ತಲೆಯ ಮೇಲೆ ಬಿತ್ತು.

"ಅಲ್ಲಾಡ್ಸಿದ್ಲು ನೋಡು!" ಎಂದು ಮಾವ ತಿರುಗಿದರು. ಅತ್ತೆ ಅಂಗಳದಲ್ಲಿ ಕೈಯೆತ್ತಿಯೇ ನಿಂತಿದ್ದರು.

ಮಾವ ಬಗ್ಗಿ ನನಗೆ ಕಣ್ಣು ಮಿಟುಕಿಸಿದರು. ಒಳಗೆ ಬಂದ ಅತ್ತೆಯೂ ಬಗ್ಗಿದರು. "ಎಂತಾ ಆತು ತಮಾ? ಖರೇ ಹೇಳು."

ಮಧ್ಯಾಹ್ನದ ಊಟಕ್ಕೆ ಸಿಗಡಿಯಿತ್ತು. ತಂದವರು ಮಾವ, ಹುರಿಯುವವರು ಅತ್ತೆ. ಯಾರ ಪರ ಸತ್ಯ ಹೇಳಬೇಕೆಂದು ಬಹಳ ಯೋಚಿಸಬೇಕಾಗಲಿಲ್ಲ.

"ಮಾವನ ಮೊಣಕಾಲು, ಅತ್ತೆ. ಎರಡೂ. ಮತ್ತೆ... ನನ್ನ ಕೈಯ ಎಣ್ಣೆಗೆ ಮಯಣವೂ ಬಿಟ್ಟಿತ್ತು."

"ಹಾಂ! ಎಣ್ಣೇದೇ ತಪ್ಪು!" ಮಾವ ಜಿಗಿದರು.

"ಆವಾಗ ಎಣ್ಣೆ ಎಲ್ಲಿತ್ರಾ?" ಅತ್ತೆ ಕೇಳಿದರು. "ಮೊಣಕಾಲು ಆವಾಗ್ಲೂ ಇತ್ತಲ್ಲ?"

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾವ ತಮ್ಮ ಮೊಣಕಾಲನ್ನು, ಬೇರೆ ಯಾರದೋ ಎಂಬಂತೆ, ನೋಡಿಕೊಂಡರು. "ಹೌದೇ, ನಂದೇ ಇರ್ಬೇಕು," ಎಂದರು.

ಅತ್ತೆ ಪೆಟ್ಟಿಗೆಯನ್ನು ಬಲೆಯ ದಾರದಿಂದ ಬಿಗಿದು ಕಟ್ಟಿ ಕುರ್ಚಿಯಲ್ಲಿ ಕೂತರು. "ಟೇಪು ಹಾಕು ತಮಾ. ನೀವು ಹೋಗಿ ಸಿಗಡಿ ಸುಲೀರಿ."

ಮಾವ ಹೋದರು. ನಾನು ಮತ್ತೆ ವಯರು ಹಿಡಿದು ಕೆಳಗೆ ಕೂತೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗು ಬಂತು.

"ಎಷ್ಟಾತೇ?"

"ಐನೂರು!"

"ನಿಧಾನ ಹೋಗು. ಆರ್ನೂರ ಮೂವತ್ತರ ಹತ್ರ ದೊಡ್ಡ ಬಂಡೆ ಅದೆ."