ಗುಡ್ಡದ ಹರವಿ

ಗಂಗಾವತಿ ಕಡೆಯ ಗುಡ್ಡಗಳನ್ನು ಬೇಸಿಗೆಯಲ್ಲಿ ಹತ್ತಬಾರದು ಎನ್ನುವವರು ನನ್ನ ಅಕ್ಕನ ಜೊತೆ ಹತ್ತಿಲ್ಲ. ಎಪ್ಪತ್ತು ದಾಟಿದ ಆಕೆ ಶ್ರೀರಾಮನಗರದ ಹತ್ತಿರ ಮಗನ ಮನೆಯಲ್ಲಿದ್ದಾಳೆ. ಅಲ್ಲಿಂದ ದೂರದ ಒಂದು ಕಲ್ಲುಗುಡ್ಡದ ಮೇಲೆ ನಮ್ಮ ಮನೆದೇವರ ಗುಡಿ. ಗುಡ್ಡವೇ ದೇವಿಯ ಮೈ ಎಂಬ ನಂಬಿಕೆಯಿಂದ ಎಲ್ಲರೂ ಚಪ್ಪಲಿಯನ್ನು ಕೆಳಗಿನ ಬೇವಿನ ಮರದಡಿ ಬಿಟ್ಟು ಹತ್ತುತ್ತಾರೆ. ಕಳೆದ ಬೇಸಿಗೆ ನಾನೂ ಕುಷ್ಟಗಿಯಿಂದ ಹೋಗಿ ಆಕೆಯ ಜೊತೆ ಹತ್ತಿದೆ. ಅಂದು ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ.

ಮೆಟ್ಟಿಲುಗಳಿಲ್ಲ. ಕೆಳಗೆ ಜಾಲಿಮುಳ್ಳು, ಗರಸು ಮಣ್ಣು. ಅದು ದಾಟಿದರೆ ಇಳಿಜಾರಾದ ದೊಡ್ಡ ಹಾಸುಬಂಡೆ. ಬಂಡೆಯ ಸೀಳುಗಳಲ್ಲಿ ಒಣಗಿ ಬಿದ್ದ ಹುಲ್ಲು ಕಾಲಡಿ ಎಣ್ಣೆಯಂತೆ ಜಾರುತ್ತದೆ. ಅಕ್ಕ ಅದನ್ನು ಪಾದದಿಂದ ಪಕ್ಕಕ್ಕೆ ಸರಿಸುತ್ತ, ಬರೀ ಕಲ್ಲಿನ ಮೇಲೆ ಹೆಜ್ಜೆ ಊರುತ್ತ ಮುಂದೆ ಹೋದಳು. ನಾನು ಆಕೆಯ ಹಿಮ್ಮಡಿ ನೋಡಿಕೊಂಡೇ ಹತ್ತಿದೆ.

ಹಾಸುಬಂಡೆಯ ತಲೆಯ ಮೇಲೆ ಒಂದು ಗುಂಡುಬಂಡೆಯ ನೆರಳಲ್ಲಿ ಮಣ್ಣಿನ ಹರವಿ ಇದೆ. ಹತ್ತುವವರು ತಲಾ ಒಂದು ತಂಬಿಗೆ ನೀರು ತಂದು ಅದಕ್ಕೆ ಸುರಿಯುತ್ತಾರೆ. ಇಳಿಯುವ ಹೊತ್ತಿಗೆ ಬಂಡೆ ಕಾದ ಹಂಚಾಗಿರುತ್ತದೆ. ಆಗ ಗೋಣಿತಟ್ಟಿನ ಎರಡು ತುಂಡುಗಳನ್ನು ಹರವಿಯ ನೀರಲ್ಲಿ ತೋಯಿಸಿ, ಒಂದರ ಮುಂದೆ ಒಂದು ಹಾಸಿಕೊಂಡು ಇಳಿಯುವುದು ಇಲ್ಲಿಯ ರೂಢಿ. ಒಣ ತಟ್ಟು ಇಳಿಜಾರಿನಲ್ಲಿ ಜಾರುತ್ತದೆ, ತೊಯ್ದದ್ದು ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ನಾವೂ ನಮ್ಮ ತಂಬಿಗೆಗಳನ್ನು ಸುರಿದು ಮೇಲೆ ಹೋದೆವು.

ಪೂಜೆ ಮುಗಿಸಿ ಅಕ್ಕ ಗುಡಿಯ ಕಟ್ಟೆಯ ಮೇಲೆ ಕುಳಿತು ಕೆಳಗಿನ ಭತ್ತದ ಗದ್ದೆಗಳನ್ನು ನೋಡುತ್ತಿದ್ದಳು. ನಾನು ಮೊದಲೇ ಇಳಿದು ಹರವಿಯ ಹತ್ತಿರ ಬಂದೆ. ತಲೆ ಸುಡುತ್ತಿತ್ತು. ಬೊಗಸೆಯಷ್ಟು ಎಂದು ಹರವಿ ಬಗ್ಗಿಸಿದವನು, ತಂಪು ತಾಗಿದ ಮೇಲೆ ಕೈ ತಡೆಯಲಿಲ್ಲ. ಇದ್ದಷ್ಟನ್ನೂ ಮೈಮೇಲೆ ಸುರಿದುಕೊಂಡೆ. ಅದು ಏತಕ್ಕಿಟ್ಟ ನೀರೆಂದು ಗೊತ್ತಿದ್ದೇ ಸುರಿದುಕೊಂಡೆ.

ಅಕ್ಕ ಬಂದು ತಾನು ತಂದಿದ್ದ ತಟ್ಟು ಬಿಚ್ಚಿದಾಗ, ಮಂಗ್ಯಾಗಳು ಹರವಿ ಉರುಳಿಸಿದವು ಎಂದೆ.

ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಉರುಳಿಸಿ, ನಿನಗ ಜಳಕಾನೂ ಮಾಡಿಸಿ ಹೋಗ್ಯಾವೇನಪಾ?”

ನಾನು ಖಾಲಿ ಹರವಿಯೊಳಗೆ ಇಣುಕುತ್ತ ನಿಂತೆ.

“ನಿಂತಿ ಯಾಕ? ಅಂಗಿ ಬಿಚ್ಚು. ಹಿಂಡು, ಅದರಾಗ ಇನ್ನೂ ಐತಿ ನೀರು.”

ಅಂಗಿ, ಧೋತರದ ಸೆರಗು, ಟವೆಲ್ ಎಲ್ಲವನ್ನೂ ತಟ್ಟಿನ ಮೇಲೆ ಹಿಂಡಿದೆ. ಎರಡೂ ತುಂಡು ಹಸಿಯಾದವು, ಅಷ್ಟೇ. ಒಂದರ ಮೇಲೆ ಇಬ್ಬರೂ ನಿಂತು, ಇನ್ನೊಂದನ್ನು ಮುಂದೆ ಹಾಸಿ, ಅದರ ಮೇಲೆ ದಾಟಿ, ಹಿಂದಿನದನ್ನು ಎಳೆದುಕೊಳ್ಳುತ್ತ ಇಳಿದೆವು. ಹುಲ್ಲಿದ್ದಲ್ಲಿ ಆಕೆ ನನ್ನ ರಟ್ಟೆ ಹಿಡಿದು ನಿಲ್ಲಿಸಿ, ಬೇರೆ ಜಾಗ ತೋರಿಸುತ್ತಿದ್ದಳು. ಬಂಡೆಯ ಕೊನೆ ಕಾಣುವಾಗ ತಟ್ಟುಗಳು ಒಣಗಿ ಜಾರತೊಡಗಿದವು. ಅಕ್ಕ ಅವನ್ನು ಹೆಗಲಿಗೆ ಹಾಕಿಕೊಂಡು ಉಳಿದಷ್ಟನ್ನು ಬರಿಗಾಲಲ್ಲೇ ನಡೆದಳು. ಓಡಲಿಲ್ಲ, ಓಡಿದರೆ ಬೀಳುತ್ತಿದ್ದಳು. ನಾನು ಹಿಂದೆ ಬೊಬ್ಬೆ ಹೊಡೆಯುತ್ತ ಕುಣಿದುಕೊಂಡು ಬಂದೆ.

ಬೇವಿನ ನೆರಳಲ್ಲಿ ಕೂತು ನೋಡಿದರೆ ಆಕೆಯ ಎರಡೂ ಪಾದಗಳಲ್ಲಿ ಬೊಕ್ಕೆ. ಅವನ್ನು ಮುಟ್ಟಿ ತಪ್ಪಾಯಿತೆನ್ನಬೇಕು ಎಂದುಕೊಂಡೆ. ಆಕೆ ಸೀರೆಯ ಅಂಚು ಎಳೆದು ಮುಚ್ಚಿಕೊಂಡು, ಚಪ್ಪಲಿ ಕೇಳಿದಳು.

ಮನೆಯಲ್ಲಿ ಸೊಸೆ ಅರಿಸಿನ ಕಲಸುತ್ತ, ಇದು ಹೇಗಾಯಿತು ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಹೇಳಿದಳು: “ಒಂದು ಮುದಿ ಮಂಗ್ಯಾ ಹರವಿ ಉರುಳಿಸಿತ್ತವ್ವಾ. ಪಾಪ, ಅದಕ್ಕೂ ಬಿಸಲು.”

ಆ ಮಾತು ಊರಲ್ಲಿ ಹಬ್ಬಿತು. ಈಗ ಹರವಿಯ ಬಾಯಿಗೆ ತಾಟು ಮುಚ್ಚಿ, ಮಂಗಗಳು ತೆಗೆಯದಂತೆ ಮೇಲೆ ಕಲ್ಲು ಹೇರಿದ್ದಾರೆ. ಈ ಬೇಸಿಗೆ ಕೊಡ ಹೊತ್ತು ಹೋದಾಗ ಆ ಕಲ್ಲನ್ನು ನಾನೇ ಎತ್ತಿದೆ. ಭಾರವಿತ್ತು. ನೀರು ಸುರಿದು, ಮತ್ತೆ ಅದನ್ನು ಅದರ ಜಾಗದಲ್ಲೇ ಇಟ್ಟು, ಕುಡಿಯದೆ ಮುಂದೆ ಹತ್ತಿದೆ.