ಬಲಕ್ಕೆ ನೋಡಬೇಕಾದ ಕೊಕ್ಕರೆ

ನನ್ನ ತಮ್ಮ ಕಳೆದ ವರ್ಷ ತೀರಿಕೊಂಡ. ಮೂವತ್ತನಾಲ್ಕು ವರ್ಷ ಸರ್ಕಾರಿ ಮುದ್ರಣಾಲಯದಲ್ಲಿ ಮೊಹರು ಕೆತ್ತಿದವನು. ಕಾಗದಗಳ ಮೇಲೆ ಒತ್ತುವ ಹಿತ್ತಾಳೆ ಮೊಹರುಗಳವು. ಎರಡು ಬೆರಳಗಲದ ಬಿಲ್ಲೆಯಲ್ಲಿ ಇಡೀ ರಾಷ್ಟ್ರಲಾಂಛನ ಹಿಡಿಸಬೇಕು. ಮೂರು ಕಮಾನಿನ ಸೇತುವೆ, ಅದರ ಮೇಲೆ ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆ, ಎತ್ತಿದ ಕಾಲಿನಲ್ಲಿ ಬೀಗದ ಕೈ, ರೆಕ್ಕೆಗೆ ಏಳು ಗರಿ. ಕೊಕ್ಕರೆಯ ಮುಖ ನೋಡುವವರ ಬಲಕ್ಕಿರಬೇಕು. ಅದಕ್ಕಾಗಿ ಮೊಹರಿನಲ್ಲಿ ಎಡಕ್ಕೆ ಕೆತ್ತಬೇಕು. ಒತ್ತಿದಾಗ ಬಲಕ್ಕೆ ಮೂಡುತ್ತದೆ. ಅಕ್ಷರ ಕೆತ್ತುವವರು ಬೇರೆ ಇದ್ದರು. ಇವನದು ಚಿತ್ರ ಮಾತ್ರ.

ಸರ್ಕಾರಿ ಬೋರ್ಡುಗಳ ಮೇಲಿನ ಲಾಂಛನವನ್ನು ಪರೀಕ್ಷಿಸುವ ಕೆಲಸವೂ ಅವನದೇ. ಮಾದರಿಯ ಹಾಳೆಯನ್ನು ಪಕ್ಕಕ್ಕೆ ಹಿಡಿದು ನೋಡುತ್ತಿದ್ದ. ಆರು ಗರಿ ಇದ್ದರೆ ವಾಪಸ್. ಯಾರಾದರೂ ಕೊಕ್ಕರೆ ಗುರುತು ಎಂದರೆ, "ಕೊಕ್ಕರೆ ಗುರುತು ಬೆಂಕಿಪೊಟ್ಟಣಕ್ಕೆ. ಇದಕ್ಕೆ ರಾಷ್ಟ್ರಲಾಂಛನ ಅಂತ ಹೆಸರಿದೆ" ಎನ್ನುತ್ತಿದ್ದ. ಬೋರ್ಡು ಬರೆಯುವವರು ಅವನಿಗೆ ಗರಿ ಸಾಹೇಬ ಎಂದು ಹೆಸರಿಟ್ಟಿದ್ದರು. ಅವರಲ್ಲೊಬ್ಬ ಒಂದು ಶಾಲೆಯ ಬೋರ್ಡಿನಲ್ಲಿ ಕೊಕ್ಕರೆಯನ್ನು ಎಡಕ್ಕೆ ತಿರುಗಿಸಿಬಿಟ್ಟಿದ್ದ.

"ಆರು ದಿನದ ಕೆಲಸ ಸಾರ್. ಮಕ್ಕಳಿಗೇನು ಗೊತ್ತಾಗುತ್ತೆ?"

"ಮಕ್ಕಳು ಕಲಿಯೋದೇ ಅಲ್ಲಿ. ಅಳಿಸು."

ಅಳಿಸಿದ.

ತಮ್ಮ ನಿವೃತ್ತನಾದ ವರ್ಷ ಹೊಸ ನ್ಯಾಯಾಲಯದ ಕಟ್ಟಡಕ್ಕೆ ಆಳೆತ್ತರದ ಮರದ ಲಾಂಛನ ಬೇಕಾಯಿತು. ಆ ಕೆಲಸವನ್ನು ಇವನೇ ಕೇಳಿ ಪಡೆದ. "ಅಕ್ಕ, ಇಷ್ಟು ವರ್ಷ ನಾನು ಒತ್ತಿಸಿದ್ದನ್ನ ಜನ ನೋಡಿದಾರೆ. ಕೆತ್ತಿದ್ದನ್ನ ಯಾರೂ ನೋಡಿಲ್ಲ" ಎಂದ. ಅವನು ಆಸೆಪಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಿಂದಿನ ಕೋಣೆಯಲ್ಲಿ ಎಂಟು ತಿಂಗಳು ಕೂತ. ಅವನ ಹೆಂಡತಿ ದಿನಾ ಮರದ ಚಕ್ಕೆ ಗುಡಿಸುತ್ತಾ, "ಮದುವೆಯಾದಾಗಿಂದ ನನ್ನ ಮುಖಾನ ಇಷ್ಟು ಹೊತ್ತು ನೋಡಿದ್ರೆ ಕೇಳಿ ಅತ್ತಿಗೆ" ಎನ್ನುತ್ತಿದ್ದಳು. ಇಲಾಖೆಯ ಅಧಿಕಾರಿ ಬಂದು ಗರಿ ಎಣಿಸಿ, ಕಮಾನು ಎಣಿಸಿ, ಸಹಿ ಹಾಕಿ ಹೋದರು. ಉದ್ಘಾಟನೆಗೆ ನಾಲ್ಕು ದಿನವಿರುವಾಗ ಅದು ನ್ಯಾಯಪೀಠದ ಹಿಂದಿನ ಗೋಡೆ ಏರಿತು.

ಅದಕ್ಕೆ ಚಿನ್ನದ ಬಣ್ಣ ಹಚ್ಚಲು ಬಂದವನು ಆ ಶಾಲೆಯ ಬೋರ್ಡಿನವನೇ. ದೇಶದ ಹೆಸರು ಬರೆದ ಪಟ್ಟಿಯನ್ನೂ ತಂದಿದ್ದ. ಅದನ್ನು ಸೇತುವೆಯ ಕೆಳಗೆ ಹಿಡಿದವನು ಹಾಗೇ ನಿಂತ.

"ಸಾರ್, ಕೊನೇ ಅಕ್ಷರದ ಕಡೆ ನೋಡ್ಬೇಕಲ್ವಾ ಇದು? ಮೊದಲನೇದರ ಕಡೆ ನೋಡ್ತಿದೆ."

"ಸರಿಯಾಗೇ ಇದೆಯಲ್ಲೋ" ಎಂದ ತಮ್ಮ.

ಅವನ ಕಣ್ಣಿಗೆ ಅದು ನಿಜವಾಗಿಯೂ ಸರಿಯಾಗಿತ್ತು. ಹಿತ್ತಾಳೆಯಲ್ಲಿ ಅಷ್ಟು ವರ್ಷ ಅವನು ಕಂಡ ಕೊಕ್ಕರೆ ಎಡಕ್ಕೇ ನೋಡುತ್ತಿತ್ತು. ಬೇರೆಯವರ ಕೆಲಸಕ್ಕೆ ಹಿಡಿಯುತ್ತಿದ್ದ ಮಾದರಿಯ ಹಾಳೆ ತನ್ನ ಕೆಲಸಕ್ಕೂ ಬೇಕು ಎಂದು ಅವನಿಗೆ ಅನಿಸಿರಲಿಲ್ಲ. ಬಣ್ಣದವನು ಜೇಬಿನಿಂದ ಕೆಲಸದ ಆದೇಶಪತ್ರ ತೆಗೆದು, ಅದರ ಮೇಲಿನ ಮೊಹರನ್ನು ತೋರಿಸಿದ. ತಮ್ಮ ಅಲ್ಲೇ ಬಣ್ಣದ ಡಬ್ಬಿಗಳ ಪಕ್ಕದಲ್ಲಿ ಕೂತುಬಿಟ್ಟ.

ಅಧಿಕಾರಿ ಓಡಿ ಬಂದರು. "ಯಾರ್ರೀ ನೋಡ್ತಾರೆ? ಇಲ್ಲಿಗೆ ಬರೋರು ಜಡ್ಜ್ ಮುಖ ನೋಡ್ತಾರೆ, ಗೋಡೆ ನೋಡ್ತಾರಾ? ನಾವು ಮೂರು ಜನ ಸುಮ್ಮನಿದ್ರೆ ಮುಗೀತು."

"ನಾನು ಹೇಳಲ್ಲ" ಎಂದ ಬಣ್ಣದವನು. "ನಂದಾದ್ರೆ ಆರು ದಿನದ್ದು. ಇದು ಎಂಟು ತಿಂಗಳದ್ದು."

ಆ ಸಂಜೆ ತಮ್ಮ ನನ್ನ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ. "ಏನು ಮಾಡ್ಲಿ ಅಕ್ಕ?"

"ಆ ಶಾಲೆ ಬೋರ್ಡು ಅಳಿಸೋವಾಗ ನನ್ನ ಕೇಳಿದ್ಯಾ?"

"ಇಲ್ಲ."

"ಮತ್ತೆ?"

ಕೊಟ್ಟ ನೀರು ಕುಡಿದು ಎದ್ದು ಹೋದ. ಇನ್ನಷ್ಟು ಮೆತ್ತಗೆ ಹೇಳಬಹುದಿತ್ತು. ಹೇಳಿದ್ದರೂ ಅದೇ ಮಾತು.

ಮರುದಿನ ಅವನೇ ತಿರಸ್ಕಾರದ ಪತ್ರ ಬರೆದ. ಮುಖ ಎಡಕ್ಕಿದೆ, ದೋಷ ಕೆತ್ತಿದವನದು ಎಂದಷ್ಟೇ ಬರೆದಿದ್ದ. ಸಹಿ ಹಾಕಿದವರ ಹೆಸರೆತ್ತಿರಲಿಲ್ಲ. ಲಾಂಛನ ಕೆಳಗಿಳಿಯಿತು. ಬರೀ ಗೋಡೆಯ ನಾಲ್ಕು ತೂತುಗಳ ಮುಂದೆಯೇ ಉದ್ಘಾಟನೆ ನಡೆಯಿತು. ಇನ್ನೊಮ್ಮೆ ಕೆತ್ತಿಕೊಡಿ ಎಂದು ಇಲಾಖೆಯವರು ಕೇಳಿದರು. "ನನ್ನ ಕೈ ಮತ್ತೆ ಎಡಕ್ಕೇ ಹೋಗುತ್ತೆ" ಎಂದು ಹೇಳಿ ಕಳಿಸಿದ. ಆ ಕೆಲಸ ಕುರ್ಚಿ ಮೇಜು ಮಾಡುವ ಒಬ್ಬ ಬಡಗಿಯ ಪಾಲಾಯಿತು.

ದೋಷವಿರುವ ಲಾಂಛನವನ್ನು ಇಡಿಯಾಗಿ ಉಳಿಸಿಕೊಳ್ಳುವಂತಿಲ್ಲ, ಅದು ನಿಯಮ. ಒಂದು ಭಾನುವಾರ ಬೆಳಗ್ಗೆ ತಮ್ಮ ಅದನ್ನು ಅಂಗಳಕ್ಕೆ ತಂದು ಮಲಗಿಸಿದ. ಯಾರೂ ಕರೆಯದೆ ಬಂದ ಬಣ್ಣದವನು ಉದ್ದ ಗರಗಸದ ಇನ್ನೊಂದು ತುದಿ ಹಿಡಿದು ಕೂತ.

"ಕುತ್ತಿಗೆಯಿಂದ ಶುರು ಮಾಡೋಣ್ವಾ ಸಾರ್?"

"ಬೇಡ. ಸೇತುವೆಯಿಂದ."

ಗಟ್ಟಿ ಮರ. ಕುತ್ತಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು.