ಅಣ್ಣ ಮಾಡಿದ ಪಾಲು

ಅಣ್ಣನ ಎಡಗಿವಿಯ ಮೇಲೆ ಸದಾ ರೇಡಿಯೋದ ಜಾಳಿಗೆಯ ಗುರುತು ಮೂಡಿರುತ್ತಿತ್ತು. ಗೊರಗೊರ ಸದ್ದಿನೊಳಗೆ ಪರದೇಶದ ಸುದ್ದಿ ಹಿಡಿಯಲು ಕಿವಿ ಒತ್ತಿ ಕೂರುತ್ತಿದ್ದ. ಹಾಗೆಯೇ ಪಾಠ ಮಾಡಲು ಕ್ಲಾಸಿಗೆ ಹೋದರೂ ಹುಡುಗರು ನಗುತ್ತಿರಲಿಲ್ಲ, ಅದೇ ನನಗೆ ಸಿಟ್ಟು. ನಾನೂ ಒಂದು ವಾರ ಕಿವಿ ಒತ್ತಿದೆ. ನೋವು ಬಂತು, ಗುರುತು ಬರಲಿಲ್ಲ.

ಅವನು ನನ್ನ ದೊಡ್ಡಪ್ಪನ ಮಗ. ಸಿಂದಗಿಯ ಒಂದೇ ಮನೆಯಲ್ಲಿ ಬೆಳೆದ ನಾವು ಎಪ್ಪತ್ತರ ದಶಕದ ಮೊದಲಲ್ಲಿ ಇಂಡಿ ಊರಿನ ಒಂದೇ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆವು. ಇಬ್ಬರಿಗೂ ಒಂದೇ ಹುಚ್ಚು: ದಿಲ್ಲಿಗೆ ಹೋಗಿ ಅಂತರರಾಷ್ಟ್ರೀಯ ಸಂಬಂಧಗಳ ಮೇಲೆ ಪಿಎಚ್.ಡಿ. ಮಾಡಬೇಕು. ಒಬ್ಬರಿಗೆ ಮಾತ್ರ ರಜೆ, ಉಳಿದವರು ವಿಭಾಗದ ಮುಖ್ಯಸ್ಥರಾಗಲಿ, ಅಣ್ಣತಮ್ಮಂದಿರು ನೀವೇ ಬಗೆಹರಿಸಿಕೊಳ್ಳಿ ಎಂದರು ಪ್ರಿನ್ಸಿಪಾಲರು.

ನಮ್ಮ ಕಡೆ ಹೊಲ ಹಿಸ್ಸೆಯಾಗುವಾಗ ದೊಡ್ಡವನು ಪಾಲು ಮಾಡುತ್ತಾನೆ, ಸಣ್ಣವನು ಮೊದಲು ಆರಿಸುತ್ತಾನೆ. ಅಣ್ಣ ಅದನ್ನೇ ಹಿಡಿದ. ದಿಲ್ಲಿಯ ಪಾಲು ತೂಕವಾಯಿತೆಂದು ಮುಖ್ಯಸ್ಥನ ಕುರ್ಚಿಯ ಜೊತೆ ತನ್ನ ಸೈಕಲ್ಲು, ಕೊನೆಗೆ ರೇಡಿಯೋವನ್ನೂ ಸೇರಿಸಿದ.

“ಈಗ ಎರಡೂ ಸಮ ಅದಾವ. ನೀ ಆರಿಸು,” ಎಂದ.

ನನಗೆ ಆಗಷ್ಟೇ ಮದುವೆಯಾಗಿತ್ತು. ಕುರ್ಚಿ ಆರಿಸಿದೆ.

ಹೊಟ್ಟೆಕಿಚ್ಚು ಶುರುವಾದದ್ದು ಆಮೇಲೆ. ನೆರೆಯ ದೇಶಗಳ ನೀರಿನ ಒಪ್ಪಂದಗಳ ಮೇಲೆ ಅಣ್ಣನ ಪ್ರಬಂಧವಾಯಿತು. ದಿಲ್ಲಿಯಲ್ಲೇ ಅಧ್ಯಾಪಕನಾದ. ಜಿನೀವಾಕ್ಕೆ ಹೋಗಿ ಮಾತಾಡಿ ಬಂದ. ಬರೆದದ್ದನ್ನೆಲ್ಲ ಕಳಿಸುತ್ತಿದ್ದ, ನಾನು ಲಕೋಟೆ ಒಡೆಯದೆ ಕಪಾಟಿಗೆ ತುರುಕುತ್ತಿದ್ದೆ. ದಿಲ್ಲಿಯ ನೀರು ಕುಡಿದರೆ ಕತ್ತೆಯೂ ಪುಸ್ತಕ ಬರೆದೀತು ಎಂದು ಒಮ್ಮೆ ಮನೆಯಲ್ಲಿ ಅಂದೆ. ಹಾಗಾದರೆ ನೀವೂ ಕುಡಿಯಬೇಕಿತ್ತು ಎಂದಳು ಹೆಂಡತಿ.

ದಶಕ ಮುಗಿಯುವ ಹೊತ್ತಿಗೆ ನಮ್ಮ ಕಾಲೇಜಿಗೇ ಉಪನ್ಯಾಸಕ್ಕೆ ಬಂದ. ಎಲ್ಲಾದರೂ ತಪ್ಪಲಿ ಎಂದು ಹಿಂದಿನ ಬೆಂಚಿನಲ್ಲಿ ಕೂತು ಕಾದೆ. ತಪ್ಪಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ತಡೆಯಲಾಗದೆ ಕೇಳಿಯೇಬಿಟ್ಟೆ.

“ಪಾಲು ಮಾಡೂಮುಂದ, ನಾ ಕುರ್ಚಿ ಹಿಡೀತೇನಿ ಅಂತ ನಿನಗ ಗೊತ್ತಿತ್ತಲ್ಲ?”

“ಇಲ್ಲೋ ತಮ್ಮಾ. ನೀನ ಹೋಗ್ತಿ ಅಂತ ತಿಳಿದಿದ್ದೆ. ನಿನಗಂತ ಟ್ರಂಕ್ ಸುದ್ಧಾ ತಂದಿಟ್ಟಿದ್ದೆ.”

ಒಪ್ಪಂದಗಳನ್ನು ಓದಿ ಓದಿ ನಯವಾಗಿ ಸುಳ್ಳು ಹೇಳಲು ಕಲಿತಿದ್ದಾನೆ ಅಂದುಕೊಂಡೆ.

ಅಣ್ಣ ದಿಲ್ಲಿಯಲ್ಲೇ ತೀರಿಕೊಂಡ. ಕೆಲವು ತಿಂಗಳ ಮೇಲೆ ಅತ್ತಿಗೆ ಅವನ ಪುಸ್ತಕಗಳನ್ನು ಒಂದು ಹಳೆಯ ಟ್ರಂಕಿನಲ್ಲಿ ತುಂಬಿ ನನಗೆ ಕಳಿಸಿದರು. ಧೂಳು ಒರೆಸಿದಾಗ ಮುಚ್ಚಳದ ಮೇಲೆ ಬಿಳಿ ಬಣ್ಣದ ಅಕ್ಷರಗಳು ಕಂಡವು. ನನ್ನ ಹೆಸರಿತ್ತು. ಹೆಸರಿನ ಮುಂದೆ ‘ಡಾ.’ ಎಂದೂ ಆಗಲೇ ಬರೆಸಿಬಿಟ್ಟಿದ್ದ.